ಬೀಗ ಹಾಕಿದ ಮನೆಯ ಎಡೆ

ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಕ್ವಾಲಾಲಂಪುರದ ಹೋಟೆಲೊಂದರ ಮುಂದೆ, ಅಂಜಿನಮ್ಮ ತಾವು ಬಸ್ ಹತ್ತುವುದಿಲ್ಲ ಎಂದರು.

ಬಸ್ಸಿನಲ್ಲಿ ಉಳಿದವರೆಲ್ಲ ಕೂತಾಗಿತ್ತು. ಬೆಂಗಳೂರು, ತುಮಕೂರು ಕಡೆಯವರು. ಹಿಂದಿನ ದಿನ ಬೆಳಿಗ್ಗೆ ಒಂದೇ ವಿಮಾನದಲ್ಲಿ ಬಂದಿಳಿದವರು. ಪ್ರವಾಸದ ಮ್ಯಾನೇಜರ್ ಪಂಚಾಕ್ಷರಿ ಹಳದಿ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸ್ಸಿನ ಮೆಟ್ಟಿಲ ಬಳಿ ನಿಂತಿದ್ದ.

"ಅಮ್ಮಾ, ಇವತ್ತು ಬಟು ಗುಹೆ. ಸುಬ್ರಹ್ಮಣ್ಯ ಸ್ವಾಮಿ ದರ್ಶನ. ಆಮೇಲೆ ಬೆಟ್ಟದ ಮೇಲಕ್ಕೆ ಕೇಬಲ್ ಕಾರು. ಇಷ್ಟು ದೂರ ಬಂದು ಸ್ವಾಮೀನ ನೋಡ್ದೆ ಹೋಗ್ತೀರಾ?"

"ಸತ್ತೋರ್ನ ಉಪಾಸ ಕೆಡವಿ ದೇವ್ರ್ ನೋಡಕ್ಕೆ ಓಗ್ತಾರೇನಪ್ಪ?" ಎಂದರು ಅಂಜಿನಮ್ಮ.

ಪಂಚಾಕ್ಷರಿಗೆ ಅರ್ಥವಾಗಲಿಲ್ಲ. ಅವನು ಅಂಜಿನಮ್ಮನ ಮಗ ಶ್ರೀಧರನ ಮುಖ ನೋಡಿದ. ಶ್ರೀಧರ್ ತನ್ನ ಹೆಂಡತಿಯ ಮುಖ ನೋಡಿದ. ಕೃಪಾ ಬಸ್ಸಿನ ತಣ್ಣನೆ ಗಾಳಿ ಬರುತ್ತಿದ್ದ ಬಾಗಿಲ ಕಡೆ ನೋಡುತ್ತಿದ್ದಳು.

"ನೀನೂ ದೀಪುನೂ ಹೋಗ್ಬನ್ನಿ. ನಾನಿರ್ತೀನಿ" ಎಂದ ಶ್ರೀಧರ್.

"ನಿನ್ನೆ ರಾತ್ರೀನೇ ಹೇಳಿದ್ರೆ ನಾನೂ ಇನ್ನೊಂದ್ ಸ್ವಲ್ಪ ಮಲಗಿರ್ತಿದ್ದೆ" ಎಂದು ಕೃಪಾ ಮಗಳನ್ನು ಮುಂದೆ ಬಿಟ್ಟುಕೊಂಡು ಹತ್ತಿದಳು. ಒಂಬತ್ತನೇ ತರಗತಿಯ ದೀಪಶ್ರೀ ಮೆಟ್ಟಿಲ ಮೇಲಿಂದ ತಿರುಗಿ, "ಅಜ್ಜಿ, ಎಲ್ಲಾದ್ರೂ ಹೋದ್ರೆ ಶೂ ಹಾಕ್ಕೊಂಡ್ ಹೋಗಿ, ಚಪ್ಪಲಿ ಬೇಡ" ಎಂದಳು. ಬಾಗಿಲು ಮುಚ್ಚಿತು. ಬಸ್ ಹೋಯಿತು.

ಇವರು ಹೊಸೂರು ರಸ್ತೆಯ ಸಿಂಗಸಂದ್ರದವರು. ಬೇಸಾಯದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಕಟ್ಟಡವಿದೆ. ಮೂರನೆಯ ಅಂತಸ್ತಿನಲ್ಲಿ ಇವರ ವಾಸ. ಶ್ರೀಧರ್ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನು, ಸಾರಿಗೆ ನೋಡಿಕೊಳ್ಳುವ ವಿಭಾಗದಲ್ಲಿದ್ದಾನೆ. ಕೃಪಾ ಬೇಗೂರಿನ ಖಾಸಗಿ ಶಾಲೆಯಲ್ಲಿ ಟೀಚರ್. ಬೇಸಿಗೆ ಬಿಟ್ಟರೆ ಅವಳಿಗೆ ರಜೆ ಸಿಗುವುದು ದಸರೆಯಲ್ಲಿ ಮಾತ್ರ. ಹಾಗಾಗಿ ಅವರ ಮೊದಲ ವಿದೇಶ ಪ್ರವಾಸ ದಸರಾ ರಜೆಯ ಮೊದಲ ದಿನಗಳಿಗೆ ನಿಗದಿಯಾಗಿತ್ತು.

ತಪ್ಪಾಗಿದ್ದು ಅಲ್ಲೇ. ದಸರೆಗೆ ಮುಂಚಿನ ಮಹಾಲಯ ಅಮಾವಾಸ್ಯೆಯ ಸಂಜೆ ಈ ಭಾಗದ ಬೇಸಾಯದ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರ ಫೋಟೊ ಮುಂದೆ ಅವರಿಗೆ ಇಷ್ಟವಾದುದನ್ನೆಲ್ಲ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಒಳಗೆ ಅವರು ಉಣ್ಣುತ್ತಾರೆ. ಆಮೇಲೆ ಕಾಗೆಗೊಂದು ಪಾಲು, ಉಳಿದದ್ದು ಮನೆಯವರಿಗೆ. ಅವತ್ತು ಹಿರಿಯರು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತಾರೆ, ಏನೂ ಸಿಗದಿದ್ದರೆ ಹೊಸ್ತಿಲಲ್ಲಿ ನಿಟ್ಟುಸಿರು ಬಿಟ್ಟು ಹಿಂದಿರುಗುತ್ತಾರೆ ಎಂಬುದು ನಂಬಿಕೆ.

ಪ್ರವಾಸಕ್ಕೆ ಒಪ್ಪುವ ಮುನ್ನ ಅಂಜಿನಮ್ಮ ಕೇಳಿದ್ದರು: "ಅಮಾಸೆ ಎಂದು ಬತ್ತದೆ ನೋಡು." ಹಿಂದಿನ ವರ್ಷ ಅದು ಗಾಂಧಿ ಜಯಂತಿಯ ದಿನವೇ ಬಿದ್ದು, ಮಾಂಸದಂಗಡಿಗಳು ಮುಚ್ಚಿದ್ದರಿಂದ, ಮಟನ್ನನ್ನು ಹಿಂದಿನ ದಿನವೇ ತಂದು ಫ್ರಿಜ್ಜಿನಲ್ಲಿಟ್ಟಿದ್ದು ಇಬ್ಬರಿಗೂ ನೆನಪಿತ್ತು. ಈ ವರ್ಷವೂ ಅದೇ ಆಸುಪಾಸು ಎಂದು ಶ್ರೀಧರ್ ಅಂದುಕೊಂಡ. ಖಾತ್ರಿಗೆ ಕಚೇರಿಯ ರಜಾಪಟ್ಟಿ ನೋಡಿದ. ಪ್ರವಾಸದ ದಿನಗಳಲ್ಲಿ ಅಮಾವಾಸ್ಯೆಯ ರಜೆ ಕಾಣಲಿಲ್ಲ. ಕಾಣದಿರಲು ಕಾರಣವಿತ್ತು: ಭಾನುವಾರ ಬೀಳುವ ಹಬ್ಬಗಳನ್ನು ಆ ಪಟ್ಟಿಯಲ್ಲಿ ಹಾಕುವುದಿಲ್ಲ. "ನಾವು ವಾಪಸ್ ಬಂದ್ಮೇಲೆ ಅಮ್ಮ" ಎಂದು ಅವನು ಹೇಳಿದ. ಅಂಜಿನಮ್ಮನಿಗೆ ಓದಲು ಬರುವುದಿಲ್ಲ. ಗಂಡ ಹನುಮಂತರಾಯಪ್ಪ ಇದ್ದಾಗ ಪಂಚಾಂಗ ನೋಡಿ ಹೇಳುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆ.

ಸತ್ಯ ತಿಳಿದದ್ದು ಕ್ವಾಲಾಲಂಪುರದಲ್ಲಿ.

ಶನಿವಾರ ಬೆಳಿಗ್ಗೆ ವಿಮಾನದಿಂದ ಇಳಿದಾಗ ಯಾರೂ ನಿದ್ದೆ ಮಾಡಿರಲಿಲ್ಲ. ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನದ ಮೇಲೆ ಎಂದು ಪಂಚಾಕ್ಷರಿ ವಿಮಾನ ನಿಲ್ದಾಣದಿಂದಲೇ ಊರು ತೋರಿಸಲು ಹೊರಡಿಸಿದ. ಗುಲಾಬಿ ಬಣ್ಣದ ಮಸೀದಿಯಲ್ಲಿ ಹೆಂಗಸರಿಗೆ ಹೊದೆಯಲು ನಿಲುವಂಗಿ ಕೊಟ್ಟರು. ಅದರೊಳಗೆ ಸೀರೆ ಒದ್ದೆಯಾಯಿತು. ಚಾಕೊಲೇಟ್ ಅಂಗಡಿಯಲ್ಲಿ ಕೃಪಾ ಗೋಡೆಗೊರಗಿ ನಿಂತಲ್ಲೇ ಕಣ್ಣು ಮುಚ್ಚಿದಳು. ಅವಳಿ ಗೋಪುರಗಳ ಮುಂದೆ ಮೊಬೈಲಿಗೆ ಸಿಕ್ಕಿಸುವ ಮಸೂರ ಮಾರುವವರು ಬೆನ್ನು ಹತ್ತಿದರು. ಗೋಪುರದ ತುದಿ ಕಾಣುವಂತೆ ಫೋಟೊ ತೆಗೆಯಬೇಕೆಂದು ದೀಪಶ್ರೀ ನೆಲದ ಮೇಲೆ ಮಲಗಿದಳು. "ಎಲ್ರೂ ನಗ್ರಿ" ಎಂದು ಪಂಚಾಕ್ಷರಿ ಕೂಗಿದ. ಫೋಟೊದಲ್ಲಿ ಅವನೊಬ್ಬನೇ ನಕ್ಕಿದ್ದಾನೆ.

"ಇದ್ನ ನೋಡಕ್ಕೆ ಇಲ್ಲೀಗಂಟ ಬರ್ಬೇಕಿತ್ತೇನೋ? ನಮ್ಮನೆ ಟೆರೇಸ್ ಮ್ಯಾಲೆ ನಿಂತ್ರೆ ಇಂತವು ಎಷ್ಟ್ ಕಾಣ್ತವೆ" ಎಂದು ಅಂಜಿನಮ್ಮ ಊದಿಕೊಂಡ ಕಾಲನ್ನು ಕಟ್ಟೆಯ ಮೇಲಿಟ್ಟು ಕೂತಿದ್ದರು.

ಸಂಜೆ ಮಳೆ ಸುರಿದು ನಿಂತ ಮೇಲೆ ಊಟಕ್ಕೆ ಬ್ರಿಕ್‌ಫೀಲ್ಡ್ಸ್ ಎಂಬ ತಮಿಳರ ಬೀದಿಗೆ ಕರೆದೊಯ್ದರು. ಹೂವಿನಂಗಡಿಯ ಮುಂದೆ ಜನ ಮುಗಿಬಿದ್ದಿದ್ದರು. ಸಿಂಗಸಂದ್ರದವರಿಗೆ ತಮಿಳು ಹೊಸದಲ್ಲ. ಏನು ವಿಶೇಷ ಎಂದು ಅಂಜಿನಮ್ಮ ಹೂವಿನವಳನ್ನು ತಮಿಳಿನಲ್ಲೇ ಕೇಳಿದರು. ನಾಳೆ ಮಹಾಲಯ ಅಮಾವಾಸ್ಯೆಯಲ್ಲವೇ ಎಂದಳು ಅವಳು, ಎಳ್ಳಿನ ಪೊಟ್ಟಣ ಕಟ್ಟುತ್ತಾ.

ಅಂಜಿನಮ್ಮ ಊಟ ಮಾಡಲಿಲ್ಲ. ಶ್ರೀಧರ್ ಮೊಬೈಲಿನಲ್ಲಿ ನೋಡಿ, ಎರಡು ಸಲ ನೋಡಿ, "ಹೌದು" ಎಂದ. "ಬೆಳಿಗ್ಗೆ ನೋಡೋಣ ಬಿಡಮ್ಮ" ಎಂದು ಹಾಸಿಗೆಗೆ ಬಿದ್ದವನು ಹಾಗೆಯೇ ನಿದ್ದೆ ಹೋಗಿದ್ದ.

ಈಗ ಬೆಳಗಾಗಿತ್ತು. ಬಸ್ ಹೋದ ಮೇಲೆ ತಾಯಿ ಮಗ ಇಬ್ಬರೂ ಹೋಟೆಲಿನ ಸೋಫಾದಲ್ಲಿ ಕೂತರು.

"ಒಂದ್ ವರ್ಷ ಬಿಟ್ರೆ ಏನಾಗುತ್ತಮ್ಮ?"

"ನೀನ್ ಒಂದಿನ ಆಫೀಸಿಂದ ಬಂದು, ಬಾಗ್ಲು ತೆಗೀದೆ ನಿನ್ನ ಹೊರ್ಗಡೆ ನಿಲ್ಸಿದ್ರೆ ಏನಾಗುತ್ತೆ? ಅಷ್ಟೇ ಆಗುತ್ತೆ." ಅಂಜಿನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನಿಮ್ಮಪ್ಪ ಯಾರ್ ಮನೆ ಬಾಗ್ಲಾಗೂ ಕಾದೋರಲ್ಲ ಕಣೋ. ತಮ್ ಮನೆ ಬಾಗ್ಲಾಗೆ ಕಾಯ್ಬೇಕಾ?"

ಶ್ರೀಧರ್ ಮೊದಲು ಕೃಷ್ಣನಿಗೆ ಫೋನ್ ಮಾಡಿದ. ಕೃಷ್ಣ ನೆಲಮಹಡಿಯ ಬಾಡಿಗೆದಾರ; ನೀರಿನ ಮೋಟಾರು ಹಾಕಲೆಂದು ಮನೆಯ ಬೀಗದ ಕೈಗಳ ಗೊಂಚಲನ್ನು ಅವನ ಕೈಗೆ ಕೊಟ್ಟು ಬಂದಿದ್ದರು. ಅವನು ಬಾಗಿಲು ತೆಗೆದು, ಫೋಟೊ ಮುಂದೆ ಹೋಟೆಲಿನ ಬಿರಿಯಾನಿಯಾದರೂ ಇಡಲಿ ಎಂಬುದು ಶ್ರೀಧರನ ಲೆಕ್ಕ.

"ಬಾಡಿಗೆಯೋರು ಎಡೆ ಇಡ್ತಾರೇನೋ? ಅವ್ನಪ್ಪಂಗೆ ಅವ್ನ್ ಇಡ್ತಾನೆ" ಎಂದರು ಅಂಜಿನಮ್ಮ, ಫೋನ್ ಇನ್ನೂ ರಿಂಗಾಗುತ್ತಿರುವಾಗಲೇ.

ಕೃಷ್ಣ ಅದನ್ನೇ ಮಾಡಲು ಹೊರಟಿದ್ದ. ಅವನ ದನಿಯ ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. "ನಾನು ಕುಣಿಗಲ್ ಹತ್ರ ಇದೀನಣ್ಣ. ಇವತ್ತು ನಮ್ಮಪ್ಪಂದು ಎಡೆ ಅಲ್ವಾ. ನೀವೇನೂ ಯೋಚ್ನೆ ಮಾಡ್ಬೇಡಿ, ಮೋಟಾರು ಹಾಕಕ್ಕೆ ಬೀಗದ ಕೈ ನಿಮ್ಮ್ ಚಿಕ್ಕಪ್ಪೋರ್ ಮನೇಲಿ ಕೊಟ್ಬಂದಿದೀನಿ."

ಶ್ರೀಧರ್ ಫೋನ್ ಇಟ್ಟ. ಕೇಳಿದ್ದನ್ನು ತಾಯಿಗೆ ಹೇಳಿದ.

ಚಿಕ್ಕಪ್ಪ ಎಂದರೆ ಲಕ್ಷ್ಮಣಪ್ಪ, ಹನುಮಂತರಾಯಪ್ಪನವರ ತಮ್ಮ. ಪಕ್ಕದ ಕಟ್ಟಡ ಅವರದು. ಎರಡು ಮನೆಗಳ ನಡುವೆ ಮೂರು ವರ್ಷದಿಂದ ಮಾತಿಲ್ಲ, ಮತ್ತು ಮಾತು ನಿಂತದ್ದು ಇದೇ ಎಡೆಯ ವಿಷಯಕ್ಕೆ. ಒಂದು ವಂಶಕ್ಕೆ ಒಂದೇ ಎಡೆ. ಅದು ದೊಡ್ಡಮನೆಯಲ್ಲಿ, ಎಂದರೆ ವಂಶದ ಹಿರಿಯನ ಮನೆಯಲ್ಲಿ, ನಡೆಯಬೇಕು. ಅಣ್ಣ ಹೋದ ಮೇಲೆ ಬದುಕಿರುವವರಲ್ಲಿ ತಾನೇ ಹಿರಿಯ, ಎಡೆ ಇನ್ನು ತನ್ನ ಮನೆಗೆ ಬರಬೇಕು ಎಂದರು ಲಕ್ಷ್ಮಣಪ್ಪ. ಹಿರಿಯವನ ಹೆಂಡತಿ ಮಗ ಇರುವಾಗ ಎಡೆ ಎಲ್ಲಿಗೂ ಹೋಗುವುದಿಲ್ಲ ಎಂದರು ಅಂಜಿನಮ್ಮ. ಊರಿನ ಹಿರಿಯರು ಅಂಜಿನಮ್ಮನ ಪರ ಹೇಳಿದರು; ಜೊತೆಗೆ, ಎಡೆ ಒಂದು ವರ್ಷ ತಪ್ಪಿದರೆ ನಂತರದ ತಮ್ಮನ ಮನೆಯವರು ಎತ್ತಿಕೊಳ್ಳಬಹುದು, ಎತ್ತಿಕೊಂಡ ಮೇಲೆ ಅದು ಹಿಂದಕ್ಕೆ ಬರುವಂತಿಲ್ಲ ಎಂಬ ಹಳೆಯ ಪದ್ಧತಿಯನ್ನೂ ನೆನಪಿಸಿದರು. ಅಲ್ಲಿಂದ ಲಕ್ಷ್ಮಣಪ್ಪ ಎಡೆಗೆ ಬರಲಿಲ್ಲ. ಅವರ ಹೆಂಡತಿ ಬೈರಮ್ಮ, ಮದುವೆಯಾಗಿ ಬಂದಾಗಿನಿಂದ ಅಂಜಿನಮ್ಮನ ಜೊತೆ ಒಂದೇ ಒಲೆಯ ಮುಂದೆ ಕೂತವಳು, ಬಟ್ಟೆ ಒಣಹಾಕಲು ಟೆರೇಸಿಗೆ ಬಂದಾಗ ಇತ್ತ ತಿರುಗುವುದನ್ನೂ ಬಿಟ್ಟಳು.

"ಇಲ್ಲೇ ಇಡೋಣ" ಎಂದ ಶ್ರೀಧರ್, ಎದ್ದು. "ಆ ಬೀದೀಲಿ ಎಲ್ಲಾ ಸಿಗುತ್ತೆ. ಎಲೆ, ಮಟನ್, ಎಲ್ಲಾ. ಅಪ್ಪನ ಫೋಟೊ ಮೊಬೈಲಲ್ಲಿದೆ. ನಾನ್ ಮಗ ಇದೀನಿ, ನೀನಿದೀಯ. ಇನ್ನೇನ್ ಬೇಕು?"

ಅಂಜಿನಮ್ಮ ಶೂ ಹಾಕಿಕೊಂಡರು. ಕಟ್ಟಿಕೊಳ್ಳಲು ಬಗ್ಗಲಾಗಲಿಲ್ಲ, ಶ್ರೀಧರ್ ಕಟ್ಟಿದ.

ದಾರಿ ಹತ್ತಿರವೆಂದು ಮೊಬೈಲು ತೋರಿಸಿತು. ಆದರೆ ಮೇಲ್ಸೇತುವೆಯೊಂದನ್ನು ಹತ್ತಿ ಇಳಿದು, ದೊಡ್ಡ ಮಾಲ್ ಒಂದರ ಒಳಗಿಂದ ಹಾದು, ಮತ್ತೆ ಬಿಸಿಲಿಗೆ ಬರಬೇಕಿತ್ತು. ಒಳಗೆ ಚಳಿ, ಹೊರಗೆ ಬೇಗೆ. ಅಂಜಿನಮ್ಮ ಅಲ್ಲಲ್ಲಿ ಕೂತರು. ಶ್ರೀಧರನ ಅಂಗಿ ಬೆನ್ನಿಗೆ ಅಂಟಿತ್ತು. ಬ್ರಿಕ್‌ಫೀಲ್ಡ್ಸ್ ತಲುಪಿ ಅವನು ಬಾಳೆಲೆ, ಮಟನ್ ಕುರ್ಮ, ಬೇಯಿಸಿದ ಮೊಟ್ಟೆ, ಒಂದು ಸಣ್ಣ ಬ್ರಾಂದಿ ಬಾಟಲಿ ಕೊಂಡ. ಹನುಮಂತರಾಯಪ್ಪನವರಿಗೆ ಬೀಡಿ ಆಗಬೇಕಿತ್ತು. ಮೂರು ಅಂಗಡಿ ಕೇಳಿದರೂ ಸಿಗಲಿಲ್ಲ. ಮುದ್ದೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮೋನೊರೈಲಿನ ಕಂಬದ ನೆರಳಿನಲ್ಲಿ ಒಂದು ಕಲ್ಲು ಬೆಂಚಿತ್ತು. ಅಂಜಿನಮ್ಮ ಕೂತು, ಚೀಲವನ್ನು ಪಕ್ಕಕ್ಕಿಟ್ಟು, ಕುರ್ಮದ ಡಬ್ಬಿಯ ಮುಚ್ಚಳ ಸ್ವಲ್ಪ ಎತ್ತಿ ಮೂಸಿದರು.

"ಇದ್ಕೆ ಗಸಗಸೆ ಹಾಕವ್ರೆ."

"ಅಪ್ಪ ತಿಂತಾರೆ ಬಿಡಮ್ಮ. ಹಸಿವಾಗಿದ್ರೆ ತಿಂತಾರೆ."

"ಎಲ್ಲಿಗ್ ಬಂದು ತಿಂತಾರೆ?" ಅಂಜಿನಮ್ಮ ಮುಚ್ಚಳ ಒತ್ತಿದರು. "ನಾವು ಪಾಸ್‌ಪೋರ್ಟ್ ಮಾಡ್ಸಿ, ಬೆರಳು ಒತ್ತಿ, ಕಣ್ಣು ತೋರ್ಸಿ ಬಂದ್ವಿ. ನಿಮ್ಮಪ್ಪಂಗೆ ಪಾಸ್‌ಪೋರ್ಟ್ ಎಲ್ಲಿತ್ತೋ? ಆ ಮನುಸ್ಯ ಹೊಸೂರು ದಾಟಿದ್ದೇ ತಿರುಪತಿಗೆ ಒಂದ್ ಸಲ. ಅವ್ರಿಗೆ ಗೊತ್ತಿರೋ ದಾರಿ ಸುಡುಗಾಡಿಂದ ಮನೇಗೆ. ಅಲ್ಲಿಗ್ ಬತ್ತಾರೆ. ಇಲ್ಲಿಗಲ್ಲ."

ಎದುರಿನ ಕಸದ ಡಬ್ಬದ ಮೇಲೆ ಕಾಗೆಗಳಿದ್ದವು. ಶ್ರೀಧರ್ ತೋರಿಸಿದ. "ನೋಡು, ಕಾಗೇನೂ ಇದೆ."

"ಇವು ಈ ಊರ್ ಕಾಗೆ. ನಿಮ್ಮಪ್ಪ ಯಾರು ಅಂತ ಅವಕ್ಕೇನ್ ಗೊತ್ತು?"

ಶ್ರೀಧರನಿಗೆ ನಗು ಬಂತು. ನಕ್ಕ ಮೇಲೆ ಇನ್ನಷ್ಟು ಆಯಾಸವಾಯಿತು. ಅವನೂ ಬೆಂಚಿನ ಮೇಲೆ ಕೂತ. ಸಿಂಗಸಂದ್ರದಲ್ಲಿ ಇನ್ನೂ ಬೆಳಗಿನ ಹೊತ್ತು. ಎಡೆಗೆ ಮಾಂಸ ತರುವವರು ಈಗ ಕ್ಯೂನಲ್ಲಿ ನಿಂತಿರುತ್ತಾರೆ. ಇನ್ನು ತಡಮಾಡಿದರೆ ಅಲ್ಲಿಯೂ ಏನೂ ಮಾಡಲಾಗದು.

"ಬೈರಿಗೆ ಫೋನ್ ಮಾಡು" ಎಂದರು ಅಂಜಿನಮ್ಮ.

ಶ್ರೀಧರ್ ಮಾಡಲಿಲ್ಲ. ಬೆಳಿಗ್ಗೆ ಒಂದು ವರ್ಷ ಬಿಟ್ಟರೆ ಏನಾಗುತ್ತೆ ಎಂದಿದ್ದವನು, "ಅಮ್ಮ, ಒಂದ್ ಸಲ ಹೋದ್ರೆ ವಾಪಸ್ ಬರಲ್ಲ, ಗೊತ್ತಲ್ಲ?" ಎಂದ. "ನಾಲ್ಕ್ ತಲೆಯಿಂದ ನಮ್ಮನೇಲಿ ನಡೀತಿದೆ. ನನ್ ಕಾಲಕ್ಕೆ ಹೋಯ್ತು ಅಂತಾಗುತ್ತೆ."

"ಆಗ್ಲಿ."

"ಚಿಕ್ಕಪ್ಪ ಅದನ್ನೇ ಕಾಯ್ತಿದಾರೆ."

"ಅವ್ನ್ ಕಾದ್ರೆ ಕಾಯ್ಲಿ, ಬದುಕಿದಾನೆ. ಸತ್ತೋರ್ನ ಕಾಯಿಸ್ಬಾರ್ದು. ಮಾಡೋ."

ಮಾಡಿದ. ಸ್ಪೀಕರಿಗೆ ಹಾಕಿ ತಾಯಿಯ ಕೈಗೆ ಕೊಟ್ಟ.

"ಯಾರು?" ಎಂದಳು ಬೈರಮ್ಮ.

"ನಾನು ಕಣೆ ಬೈರಿ."

ಆ ಕಡೆ ಕುಕ್ಕರ್ ಕೂಗಿ ನಿಂತಿತು. "ಅಕ್ಕ? ಫಾರಿನ್‌ನಾಗಿದೀಯಂತೆ?"

"ಊಂ ಕಣೆ."

"ಎಂಗೈತೆ?"

"ಬಿಸ್ಲು. ಕಾಲು ಊದ್ಕೊಂಡೈತೆ." ಅಂಜಿನಮ್ಮ ಫೋನನ್ನು ಬಾಯಿಗೆ ಹತ್ತಿರ ತಂದರು. "ಬೈರಿ, ಇವತ್ತು ಅಮಾಸೆ ಅಂತ ನಂಗೆ ಗೊತ್ತಿರ್ಲಿಲ್ಲ."

"ನಂಗೊತ್ತು. ಗೊತ್ತಿದ್ದೂ ಓಗೋಳಲ್ಲ ನೀನು. ಶುಕ್ರವಾರ ನಿಮ್ಮನೆ ಮುಂದೆ ಟ್ಯಾಕ್ಸಿ ನಿಂತಾಗ್ಲೇ ಇವ್ರಿಗಂದೆ, ಓಗಿ ಏಳ್ರಿ, ಅಕ್ಕ ಮರ್ತವ್ಳೆ ಅಂತ. ಏಳಕ್ಕೆ ನಾವ್ಯಾರು ಅಂದ್ರು. ಸುಮ್ಕಾದೆ."

ಶ್ರೀಧರ್ ಮುಖ ಬೇರೆ ಕಡೆ ತಿರುಗಿಸಿದ. ಅಂಜಿನಮ್ಮ, "ಆಗ್ಲಿ ಬಿಡು. ಎಡೆ ಇಡಕ್ಕೆ ಏಳು ನಿನ್ ಗಂಡಂಗೆ" ಎಂದರು.

"ನೀನೇ ಏಳು. ಇಲ್ಲೇ ಅವ್ರೆ."

ಫೋನ್ ಕೈ ಬದಲಾದ ಸದ್ದಾಯಿತು. ಲಕ್ಷ್ಮಣಪ್ಪ ಕೆಮ್ಮಿದರು. "ಏಳಿ ಅತ್ತಿಗೆ."

"ಕೇಳಿಸ್ಕಂಡಿದೀಯಲ್ಲ."

"ಕೇಳಿಸ್ಕಂಡೆ. ಇಡ್ತೀನಿ. ಅಣ್ಣ ಬೀಗ ನೋಡ್ಕಂಡು ವಾಪಸ್ ಓಗೋದು ನಂಗೂ ಬ್ಯಾಡ. ಆದ್ರೆ ಈಗ್ಲೇ ಒಂದ್ ಮಾತು ಅತ್ತಿಗೆ. ಎದ್ದ ಎಡೆ ತಿರ್ಗ ಅಲ್ಲೇ ಕೂರಲ್ಲ. ಇದು ನಾನ್ ಮಾಡಿದ್ ಕಾನೂನಲ್ಲ."

"ಗೊತ್ತಪ್ಪ."

"ಮುಂದಿನ್ ವರ್ಷ ಬಂದು ವಾಪಸ್ ಕೊಡು ಅನ್ನಂಗಿಲ್ಲ."

ಶ್ರೀಧರ್ ಫೋನಿಗೆ ಕೈ ಚಾಚಿದ. ಅಂಜಿನಮ್ಮ ಕೊಡಲಿಲ್ಲ.

"ಅನ್ನಲ್ಲ. ಬೀಗದ ಕೈ ನಿಮ್ಮತ್ರಾನೇ ಐತೆ. ಓಗಿ ಫೋಟೊ ಎತ್ಕಂಡ್ ಬಾ. ಗಾಜು ಸಡ್ಲ ಐತೆ, ನಿಧಾನ."

"ಸರಿ."

"ಬೈರಿಗೆ ಕೊಡು." ಬೈರಮ್ಮ ಬಂದಳು. "ಬೋಟಿ ಗೊಜ್ಜು ಮಾಡೆ. ಗಸಗಸೆ ಹಾಕ್ಬ್ಯಾಡ. ಮುದ್ದೆ ಗಟ್ಟಿ ಇರ್ಲಿ. ಬೀಡಿ ಬಿಚ್ಚಿಡು, ಕಟ್ಟು ಇಟ್ರೆ ಅವ್ರಿಗೆ..."

"ಅಕ್ಕ, ನಾನ್ ಆ ಮನೇಲಿ ಇಪ್ಪತ್ತು ವರ್ಷ ಅಡುಗೆ ಮಾಡಿದೀನಿ. ಬಾವ ಏನ್ ತಿಂತಿದ್ರು ಅಂತ ಫಾರಿನ್ನಿಂದ ಏಳ್ಕೊಡ್ತೀಯಾ? ಇಡು ಫೋನು. ಇವ್ರು ಇನ್ನೂ ಪಂಚೆನೂ ಉಟ್ಟಿಲ್ಲ, ಮಟನ್ ಅಂಗ್ಡಿ ಕ್ಯೂ ಮೇನ್ ರೋಡಿಗ್ ಬಂದೈತಂತೆ."

ಫೋನ್ ಕಡಿಯಿತು. ಅಂಜಿನಮ್ಮ ಅದನ್ನು ಮಗನಿಗೆ ಕೊಟ್ಟು, ಕುರ್ಮದ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನೆನ್ನೆಯಿಂದ ಏನೂ ತಿಂದಿಲ್ಲ" ಎಂದರು. ಮಗ ಬಾಳೆಲೆಯನ್ನು ಎರಡು ಸೀಳು ಮಾಡಿದ. ಎಡೆಗೆಂದು ತಂದದ್ದನ್ನು ಇಬ್ಬರೂ ಬೆಂಚಿನ ಮೇಲೆ ಕೂತು ತಿಂದರು. ಬ್ರಾಂದಿಯನ್ನು ಶ್ರೀಧರ್ ಜೇಬಿಗಿಟ್ಟುಕೊಂಡ. ವಾಪಸು ಟ್ಯಾಕ್ಸಿಯಲ್ಲಿ ಹೋದರು. ಮಧ್ಯಾಹ್ನವೆಲ್ಲ ಅಂಜಿನಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿತ್ತೋ ಇಲ್ಲವೋ ಶ್ರೀಧರ್ ಕೇಳಲಿಲ್ಲ.

ಸಂಜೆ ಬಸ್ ಮರಳಿತು. ಬೆಟ್ಟದ ಮೇಲೆ ಮಂಜು ಕವಿದು ಏನೂ ಕಾಣಲಿಲ್ಲ ಎಂದಳು ಕೃಪಾ, ಚಪ್ಪಲಿ ಬಿಚ್ಚುತ್ತಾ. ಆಗಿದ್ದನ್ನು ಶ್ರೀಧರ್ ಹೇಳಿದ. ಅವಳು, "ನಾನು ಇದೇ ಡೇಟ್ ಬೇಕು ಅಂದಿದ್ದು" ಎಂದಳು.

"ಲಿಸ್ಟ್ ನೋಡಿದ್ದು ನಾನು" ಎಂದ ಶ್ರೀಧರ್.

"ಸಾಕು ಮಾಡ್ರಿ ಇಬ್ರೂ" ಎಂದರು ಅಂಜಿನಮ್ಮ.

ಸಿಂಗಸಂದ್ರದಲ್ಲಿ ಕತ್ತಲಾಗುವ ಹೊತ್ತಿಗೆ ಲಕ್ಷ್ಮಣಪ್ಪನ ಮಗ ರಾಜೇಂದ್ರ ವಿಡಿಯೊ ಕರೆ ಮಾಡಿದ. ದೀಪಶ್ರೀ ಮೊಬೈಲನ್ನು ಅಜ್ಜಿಯ ಮುಂದೆ ಹಿಡಿದಳು. ಲಕ್ಷ್ಮಣಪ್ಪನ ಮನೆಯ ಹಜಾರದಲ್ಲಿ ಫೋಟೊಗಳು ಸಾಲಾಗಿದ್ದವು. ಹನುಮಂತರಾಯಪ್ಪನವರದು ಅವರ ಅಪ್ಪ ಅಮ್ಮನ ಬಲಕ್ಕೆ, ಅಂಜಿನಮ್ಮ ಎಡೆಗೆ ಇಡುತ್ತಿದ್ದ ಕ್ರಮದಲ್ಲೇ ಇತ್ತು. ಎಲೆಗಳು ತುಂಬಿದ್ದವು. ಲಕ್ಷ್ಮಣಪ್ಪ ಧೂಪ ಹಾಕಿ, ಕೈಮುಗಿದು, ಎಲ್ಲರನ್ನೂ ಹೊರಡಿಸಿದರು.

"ಬಾಗ್ಲು ಮುಚ್ತಿದೀವಿ ದೊಡ್ಡಮ್ಮ" ಎಂದ ರಾಜೇಂದ್ರ.

ಆಮೇಲೆ ಪರದೆಯ ಮೇಲೆ ಮುಚ್ಚಿದ ಬಾಗಿಲೊಂದೇ ಕಾಣುತ್ತಿತ್ತು. ಅದರ ಮುಂದೆ ಬೈರಮ್ಮ ಸೆರಗು ಹೊದ್ದು ನಿಂತಿದ್ದಳು. ಕೃಪಾ ಬಂದು ಅತ್ತೆಯ ಪಕ್ಕ ಕೂತಳು. ದೀಪಶ್ರೀಯ ಕೈ ನೋಯತೊಡಗಿ, ಶ್ರೀಧರ್ ಫೋನ್ ತೆಗೆದುಕೊಂಡು ತಾನು ಹಿಡಿದ. ಬಾಗಿಲು ತೆರೆಯುವವರೆಗೆ ಅಂಜಿನಮ್ಮ ನೋಡುತ್ತಲೇ ಇದ್ದರು.

ಗುರುವಾರ ಅವರು ಊರಿಗೆ ಮರಳಿದರು. ಶುಕ್ರವಾರ ಬೆಳಿಗ್ಗೆ ಅಂಜಿನಮ್ಮ ಎಡೆಗೆಂದೇ ಇರಿಸಿದ್ದ ಕಂಚಿನ ತಟ್ಟೆ, ಚೆಂಬು, ಧೂಪದ ಬಟ್ಟಲನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣಿನಲ್ಲಿ ಬೆಳಗಿದರು. ಹನ್ನೊಂದರ ಹೊತ್ತಿಗೆ ಶ್ರೀಧರ್ ಅವನ್ನು ಚಿಕ್ಕಪ್ಪನ ಮನೆಗೆ ಕೊಟ್ಟು ಬಂದ.